ಸೆನ್ಯೋ ಹೆಸರಿನ ಬ್ಯಾಟರಿ

ಕೇಟಾ ಊರಿನ ರಸ್ತೆಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ಆ ಬೆಳಿಗ್ಗೆ ಎರಡೂ ಕಾಣುತ್ತಿರಲಿಲ್ಲ. ಮರಳುಗಾಡಿನ ಕಡೆಯಿಂದ ಬೀಸುವ ಗಾಳಿಯ ದೂಳು, ಉಪ್ಪು ಮಂಜು ಎರಡೂ ಬೆರೆತು ಲೋಕವೇ ಬೆಳ್ಳಗಾಗಿತ್ತು. ಸೂಲಗಿತ್ತಿ ನರ್ಸ್ ಎಸಿನಾಮ್‌ಳ ನೀಲಿ ಕಾರು ವೋಜಾ ಹಳ್ಳಿ ದಾಟುತ್ತಲೇ ನಿಂತುಬಿಟ್ಟಿತು. ಕೀ ತಿರುಗಿಸಿದರೆ 'ಟಿಕ್' ಅಂತ ಒಂದು ಸದ್ದು, ಅಷ್ಟೆ. ಬೇಸತ್ತು ಕೀಯನ್ನೇ ಹೊರಗೆ ತೆಗೆದಳು.

ಆಗ ಹಾರ್ನ್ ತಾನಾಗಿ ಕೂಗಿತು. ಒಂದೇ ಸಲ, ಯಾರನ್ನೋ ಕರೆದ ಹಾಗೆ.

ಮಂಜಿನೊಳಗಿಂದ ಒಬ್ಬ ಗಂಡಸು ನಡೆದು ಬಂದ. ಎತ್ತರದ ಆಳು, ಒಂದು ಪಕ್ಕಕ್ಕೆ ವಾಲಿದ ನಡಿಗೆ. ಎಸಿನಾಮ್ ಬಾಗಿಲು ತೆರೆದು ಇಳಿದಳು.

"ಸೆನ್ಯೋ?"

"ಅಲ್ಲ ಮೇಡಂ, ಡೋಟ್ಸೆ. ಕಾರಿನ ಎಲೆಕ್ಟ್ರಿಷಿಯನ್. ಅಲ್ಲೇ ನನ್ನ ಶೆಡ್ಡು." ಅವನು ಕೈಯಲ್ಲಿದ್ದ ಭಾರದ ಟೂಲ್ ಬಾಕ್ಸ್ ಕೆಳಗಿಟ್ಟು ನೆಟ್ಟಗೆ ನಿಂತ. "ಹಾರ್ನ್ ಹೊಡೆದು ಕರೆದ್ರಲ್ಲ?"

"ನಾನು ಹೊಡೀಲಿಲ್ಲ."

ಅವನು ಅವಳ ಕೈಯಲ್ಲಿದ್ದ ಕೀಯನ್ನು ನೋಡಿದ. ಆಮೇಲೆ ಅವಳ ಮುಖವನ್ನು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. "ಹಂಗಾದ್ರೆ ನನ್ನ ಹತ್ರ ಕಾರಿಗೇ ಏನೋ ಕೆಲಸ ಇದೆ," ಅಂದ.

ಬಾನೆಟ್ ಎತ್ತಿದ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲೂ ಹಸಿರು ಬೆರೆತ ಬಿಳಿ ಕಿಲುಬು ಕಟ್ಟಿತ್ತು. ಬೆರಳುಗಳು ತಂತಿಯನ್ನು ಬಿಗಿಯಾಗಿ ಹಿಡಿದ ಹಾಗೆ ಕಾಣುತ್ತಿತ್ತು. ಡೋಟ್ಸೆ ಶೆಡ್ಡಿನಿಂದ ಬಿಸಿನೀರು ತಂದು, ಅಡುಗೆ ಸೋಡಾ ಕಲಸಿ ಸುರಿದ. ನೊರೆ ಉಕ್ಕಿ ಇಳಿದ ಮೇಲೆ ಬ್ಯಾಟರಿಯ ತಲೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು ಕಂಡಿತು: ಸೆನ್ಯೋ.

"ಚಾರ್ಜ್ ಮಾಡೋ ಅಂಗಡೀಲಿ ಬೇರೆಯವರದ್ದರ ಜೊತೆ ಅದಲುಬದಲಾಗ್ಬಾರದು ಅಂತ ಅವನೇ ಬರೆದಿದ್ದ," ಅಂದಳು ಎಸಿನಾಮ್. "ನನ್ನ ಗಂಡ. ಎರಡು ವರ್ಷದ ಹಿಂದೆ ಅವನು ಮೀನಿಗೆ ಹೋದ ದೋಣಿ ವಾಪಸ್ ಬರಲಿಲ್ಲ."

"ಇದು ಹಳೇದಾಗಿದೆ ಮೇಡಂ. ಬದಲಾಯಿಸೋದು ಒಳ್ಳೇದು."

"ಉಜ್ಜಿ ಕೊಡಿ ಮಾಸ್ಟರ್. ಸಾಕು."

ಅವನು ಬ್ರಷ್ ಎತ್ತಿಕೊಂಡ. ಕಿಲುಬನ್ನು ಉಜ್ಜುವಾಗ ಹೆಸರಿಗೆ ಬ್ರಷ್ ತಾಗದಂತೆ ನೋಡಿಕೊಂಡ. ಎಸಿನಾಮ್ ಅದನ್ನು ಗಮನಿಸಿದಳು.

ಅಲ್ಲಿಂದ ಪ್ರತಿ ಗುರುವಾರ ಅವಳು ಶೆಡ್ಡಿಗೆ ಬರತೊಡಗಿದಳು. ಎಷ್ಟು ತೊಳೆದು ಗ್ರೀಸ್ ಸವರಿದರೂ ಆ ಬಿಳಿ ಬೆರಳುಗಳು ವಾರದೊಳಗೆ ಮತ್ತೆ ಬೆಳೆಯುತ್ತಿದ್ದವು. ಚಾರ್ಜರ್ ಕಿತ್ತಿಟ್ಟ ಮೇಲೂ ಬ್ಯಾಟರಿಯ ಒಳಗೆ ಗುಳುಗುಳು ನಿಲ್ಲುತ್ತಿರಲಿಲ್ಲ, ನೀರೊಳಗೆ ಯಾರೋ ಮಾತಾಡಲು ಹೆಣಗುತ್ತಿರುವ ಹಾಗೆ. ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರು ಚಾಪೆಗಳನ್ನು ದೂರಕ್ಕೆ ಎಳೆದುಕೊಂಡರು.

"ನಿಮ್ಮಿಂದ ನನ್ನ ಗಿರಾಕಿಗಳೆಲ್ಲ ಓಡಿ ಹೋಗ್ತಿದ್ದಾರೆ," ಅಂದ ಡೋಟ್ಸೆ ಒಂದು ದಿನ.

"ಹಂಗಾದ್ರೆ ಬರಲ್ಲ ಬಿಡಿ."

"ಅಯ್ಯೋ, ಬರಬೇಡಿ ಅಂದ್ನಾ? ಒಬ್ಬರಾದ್ರೂ ಇರಲಿ ಅಂತ."

ಎಸಿನಾಮ್ ಜೋರಾಗಿ ನಕ್ಕಳು. ಎಷ್ಟು ದಿನದ ಮೇಲೆ ನಕ್ಕೆನೋ ಎಂದು ತನಗೇ ದಿಗಿಲಾಗಿ ಬಾಯಿ ಮುಚ್ಚಿಕೊಂಡಳು. ಮೇಜಿನ ಮೇಲಿದ್ದ ಬ್ಯಾಟರಿ ಗುಳುಗುಟ್ಟಿತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಜನವರಿಯ ಕೊನೆಗೆ, ಒಂದು ಸೋಮವಾರ ಬೆಳಿಗ್ಗೆ, ಕೆಡ್ಜಿ ಹಳ್ಳಿಯಿಂದ ಫೋನ್ ಬಂತು. ಚೊಚ್ಚಲ ಬಸುರಿ, ರಕ್ತ ನಿಲ್ಲುತ್ತಿಲ್ಲ. ಎಸಿನಾಮ್ ಹೊರಟಳು. ಮೊದಲ ದಿನದ್ದೇ ಮಂಜು. ಅದೇ ಜಾಗದಲ್ಲಿ ಕಾರು ನಿಂತಿತು. ಡೋಟ್ಸೆ ಓಡಿ ಬಂದ. ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ನೋಡಿದ. ಇಂಜಿನ್ ಕೆಮ್ಮಲೂ ಇಲ್ಲ.

"ಬ್ಯಾಟರಿ ಒಳಗೆ ಪೂರ್ತಿ ಸತ್ತಿದೆ," ಅಂದ. ಮತ್ತೆ ಶೆಡ್ಡಿಗೆ ಹೋಗಿ ಹೊಚ್ಚ ಹೊಸ ಬ್ಯಾಟರಿಯೊಂದನ್ನು ಹೊತ್ತು ತಂದ. "ನಾಲ್ಕು ವಾರದಿಂದ ಚಾರ್ಜ್ ಮಾಡಿ ಇಟ್ಕೊಂಡಿದ್ದೆ, ನಿಮಗೇ ಅಂತ. ಹೇಳೋ ಧೈರ್ಯ ಬರಲಿಲ್ಲ."

ಎಸಿನಾಮ್ ಬಿಳಿ ಬಣ್ಣದ ಹೆಸರನ್ನು ನೋಡುತ್ತ ನಿಂತಳು. ಗಂಡನ ಗೋರಿಯೂ ಇಲ್ಲದ ಅವಳಿಗೆ ಉಳಿದಿದ್ದ ಅವನ ಕೈಬರಹ ಅದೊಂದೇ.

"ಎಸಿನಾಮ್," ಅಂದ ಡೋಟ್ಸೆ. ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಅಲ್ಲೊಂದು ಹೆಣ್ಣು ಕಾಯ್ತಿದೆ."

"ತೆಗೀರಿ."

ಅವನು ಕ್ಲಾಂಪು ಬಿಚ್ಚಿ, ಎರಡೂ ತಂತಿಗಳನ್ನು ಕೈಯಲ್ಲಿ ಹಿಡಿದು ಬ್ಯಾಟರಿಯನ್ನು ನೆಲಕ್ಕಿಟ್ಟ. ಹಾರ್ನ್ ಕೂಗತೊಡಗಿತು.

ಈ ಸಲ ಅದು ನಿಲ್ಲಲಿಲ್ಲ. ಒಂದೇ ಸ್ವರ, ಉದ್ದಕ್ಕೆ, ಸಮುದ್ರದ ಕಡೆಗೆ.

"ತಂತಿ ನನ್ನ ಕೈಲಿದೆ," ಅಂದ ಡೋಟ್ಸೆ. "ಕರೆಂಟೇ ಇಲ್ಲ."

ಎಸಿನಾಮ್ ತಣ್ಣಗಿದ್ದ ಮಡ್‌ಗಾರ್ಡಿನ ಮೇಲೆ ಎರಡೂ ಅಂಗೈ ಊರಿದಳು. ಕಬ್ಬಿಣ ನಡುಗುತ್ತಿತ್ತು. ಮನೆಯೊಳಗೆ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು: "ನನಗೆ ಗೊತ್ತು ಕಣೋ. ನಾನೂ ನಿನ್ನ ಬಿಡಲಿಲ್ಲ. ಆದ್ರೆ ಒಂದು ಮಗು ದಾರೀಲಿದೆ, ನನಗೆ ತಡ ಆಗ್ತಿದೆ. ಹೋಗು ಸೆನ್ಯೋ. ನಾನೂ ಹೋಗ್ತೀನಿ."

ಸದ್ದು ಸಣ್ಣಗಾಗುತ್ತ ಬಂತು. ನಿಂತಿತು. ಆಮೇಲೆ ಅಲೆಗಳ ಸದ್ದು ಮಾತ್ರ ಕೇಳಿಸಿತು.

ಡೋಟ್ಸೆ ಹೊಸ ಬ್ಯಾಟರಿ ಕೂರಿಸಿ ನಟ್ಟು ಬಿಗಿದ. ಒಂದೇ ಸಲಕ್ಕೆ ಇಂಜಿನ್ ಎದ್ದಿತು.

ಮಧ್ಯಾಹ್ನ ಅವಳು ಹಿಂದಿರುಗಿದಾಗ ಡೋಟ್ಸೆ ಶೆಡ್ಡಿನ ಬಾಗಿಲಲ್ಲೇ ಕೂತಿದ್ದ. ಹಳೆಯ ಬ್ಯಾಟರಿ ಪಕ್ಕದಲ್ಲಿತ್ತು, ಚೊಕ್ಕಟವಾಗಿ ಒರೆಸಿ, ಬಟ್ಟೆ ಹಾಸಿದ ಹಲಗೆಯ ಮೇಲೆ. ಅದರೊಳಗೆ ಸದ್ದಿರಲಿಲ್ಲ.

"ಹೆಣ್ಣು ಮಗು," ಅಂದಳು. "ತಾಯಿಯೂ ಉಳಿದ್ಲು."

"ದೇವರು ದೊಡ್ಡವನು." ಅವನು ಬ್ಯಾಟರಿಯನ್ನು ತೋರಿಸಿದ. "ಇದನ್ನ ಗುಜರಿಗೆ ಹಾಕೋ ಹಕ್ಕು ನನಗಿಲ್ಲ. ಅದಕ್ಕೇ ಕಾದೆ."

ಎಸಿನಾಮ್ ಬಗ್ಗಿ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. "ಗುಜರಿಗೆ ನಾನೇ ತಗೊಂಡು ಹೋಗಿ ಕೊಡ್ತೀನಿ. ನೀವೂ ಜೊತೆಗೆ ಬನ್ನಿ."

"ಬರ್ತೀನಿ." ಅವನು ಎದ್ದು ಅಂಗಿಯ ದೂಳು ಕೊಡವಿದ, ನೆಲ ನೋಡಿದ. "ಹೊಸದು ಚೆನ್ನಾಗಿದೆ. ಮೂರು ವರ್ಷ ಏನೂ ತೊಂದರೆ ಕೊಡಲ್ಲ. ಇನ್ಮೇಲೆ ಗುರುವಾರ ಗುರುವಾರ ಇಲ್ಲಿಗೆ ಬರೋ ಕಷ್ಟ ಇಲ್ಲ ನಿಮಗೆ."

"ಮೂರು ವರ್ಷ?"

"ಮೂರು ವರ್ಷ."

ಎಸಿನಾಮ್ ಅವನ ಕೈ ಹಿಡಿದುಕೊಂಡಳು. ಆಸಿಡ್ ಸುಟ್ಟ ಕಲೆಗಳ ಬೆರಳುಗಳು ಬೆಚ್ಚಗಿದ್ದವು.

"ಅಷ್ಟು ದಿನ ಕಾಯೋಕೆ ನನ್ನ ಕೈಲಾಗಲ್ಲ, ಡೋಟ್ಸೆ."