ಬೀಗ ಹಾಕಿದ ಊರು

ಗೌರಾಳ ಮನೆಗೆ ಬೀಗವಿತ್ತು. ಅಂಬಾರಾಯ ಜೀಪಿನಿಂದ ಇಳಿಯದೆ ಆ ಬೀಗವನ್ನೇ ನೋಡುತ್ತ ಕುಳಿತ. ಎರಡು ವರ್ಷದಿಂದ ಅವಳ ಕಾಗದ ಬಂದಿರಲಿಲ್ಲ. ಮನೆಯವರು ಊರು ಬಿಟ್ಟಿದ್ದೇ ಕಾರಣ ಇರಬೇಕು ಅನ್ನಿಸಿತು.

ಎಂಬತ್ತೆರಡನೇ ಇಸವಿಯಲ್ಲಿ ಊರು ಬಿಟ್ಟವನು, ಚಂದ್ರಪುರದ ಕಲ್ಲಿದ್ದಲು ಗಣಿಯಲ್ಲಿ ಆರು ವರ್ಷ ಒಬ್ಬನೇ ಇದ್ದು, ಹರಾಜಿನಲ್ಲಿ ಕೊಂಡ ಹಳೆಯ ಜೀಪನ್ನು ಎರಡು ದಿನ ಓಡಿಸಿಕೊಂಡು ಬಂದಿದ್ದ. ಖಜೂರಿಯಲ್ಲಿ ಗಡಿ ದಾಟಿ ಕನ್ನಡದ ಬೋರ್ಡು ಕಂಡಾಗ ಜೀಪು ನಿಲ್ಲಿಸಿ ಎರಡು ಸಲ ಓದಿದ್ದ. ಆಳಂದದಲ್ಲಿ ಅರ್ಧ ಅಂಗಡಿ ಮುಚ್ಚಿದ್ದವು, ಯಾಕೆಂದು ಕೇಳಲಿಲ್ಲ. ತನ್ನೂರು ಅತನೂರಿಗೆ ಬಂದರೆ ಶಾಲೆಗೆ ಬೀಗ, ಅಣ್ಣನ ಮನೆಗೆ ಬೀಗ. ಅವನೂ ಗೌರಾಳೂ ಬಾರೆಹಣ್ಣು ಹಂಚಿಕೊಂಡು ತಿನ್ನುತ್ತಿದ್ದ ಬಾವಿಕಟ್ಟೆಯ ಮೇಲೆ ನಾಯಿಯೊಂದು ಮಲಗಿತ್ತು. ಅದು ಬೊಗಳುವ ಮನಸ್ಸನ್ನೂ ಮಾಡಲಿಲ್ಲ. ತಾನು ಬರುವುದು ಗೊತ್ತಾಗಿಯೇ ಊರು ಅಡಗಿ ಕೂತಿದೆಯೇನೋ ಎಂಬ ಹುಚ್ಚು ಸಂಶಯ ಹತ್ತಿತು.

ಓಣಿಯ ಕೊನೆಯಲ್ಲಿ ಬಳೆಗಾರ್ತಿ ಪೀರಬಿ ಬಿಸಿಲು ಕಾಯುತ್ತ ಕೂತಿದ್ದಳು.

"ಅಂಬಾರಾಯನಾ? ಎಳ್ಳಮವಾಸಿ ದಿನ ಊರಾಗ ಯಾರ್ನ ಹುಡುಕಾಕತ್ತಿ ಬೇಟಾ? ಎಲ್ಲಾರೂ ಚರಗ ಚೆಲ್ಲಾಕ ಹೊಲಕ್ಕ ಹೋಗ್ಯಾರ."

ಭೂಮಿತಾಯಿಗೆ ಎಡೆ ಚೆಲ್ಲಿ ಹೊಲದಲ್ಲೇ ಉಣ್ಣುವ ಆ ಹಬ್ಬವನ್ನೇ ಮರೆತಿದ್ದ.

"ದೌಲತರಾಯರ ಮನಿಯವರೂ?" ಗೌರಾಳ ಹೆಸರು ಹೇಳದೆ ಅವಳ ಅಪ್ಪನ ಹೆಸರು ಹಿಡಿದು ಕೇಳಿದ.

"ಅವರ ಗಾಡೀನೇ ಎಲ್ಲಾರಕಿಂತ ಮುಂದ. ಹೊಸಾ ಅಳಿಯ ಬಂದಾನಲ್ಲ, ಜೋರ ನಡದದ."

ಇಬ್ಬರಲ್ಲಿ ಯಾವ ಮಗಳ ಗಂಡ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ದೌಲತರಾಯರ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಬನ್ನಿಗಿಡದ ಕೆಳಗೆ ಪೂಜೆ ಮುಗಿದು ಊಟ ನಡೆದಿತ್ತು. ಹೊಸ ರುಮಾಲು ಸುತ್ತಿದ ಗಂಡಸೊಬ್ಬ ಕಂಬಳಿಯ ಮೇಲೆ ಕೂತಿದ್ದ. ಗೌರಾ ಬಾಗಿ ಅವನ ಎಲೆಗೆ ಕಡಬು ಹಾಕುತ್ತಿದ್ದಳು.

"ಇನ್ನೊಂದು ತಿನ್ರಿ. ಇಲ್ಲಾಂದ್ರ ನಿಮ್ಮ ಹೆಸರ ಹೇಳಿ ಎತ್ತಿಗಿ ಹಾಕ್ತೇನಿ."

ಹೇಳಿ ನಕ್ಕಳು. ಆ ನಗು ತನ್ನೊಬ್ಬನದೇ ಎಂದು ಅವನು ಆರು ವರ್ಷ ನಂಬಿದ್ದ.

ತಲೆ ಎತ್ತಿ ಅವನನ್ನು ಕಂಡಳು. ಕೈಯಲ್ಲಿದ್ದ ಕಡಬು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

"ಬರ್ರಿ, ಊಟಕ್ಕ ಕೂಡ್ರಿ."

ಒಂದೇ ಬೆಂಚಿನ ಓರಗೆಯವಳು, 'ಬಾ ಲೇ' ಅನ್ನುತ್ತಿದ್ದವಳು. ಆ ಮರ್ಯಾದೆ ಅವನಿಗೆ ಚುಚ್ಚಿತು. ಸ್ವಲ್ಪ ದೂರದಲ್ಲಿ ಕೂತ. ಸೊಪ್ಪು ಕಾಳಿನ ಭಜ್ಜಿ, ಸಜ್ಜೆರೊಟ್ಟಿ ತಂದಳು. ಅವನ ಕಣ್ಣು ಅವಳ ಕುತ್ತಿಗೆಯತ್ತ ಹೋಯಿತು, ಸೆರಗು ಮುಚ್ಚಿತ್ತು.

"ಏನ್ ಹುಡುಕಾಕತ್ತೀರಿ?"

"ಏನಿಲ್ಲ."

"ತಾಳಿ ಅದನೋ ಇಲ್ಲೋ ನೋಡಾಕತ್ತೀರಿ. ಕೇಳಾಕ ಬಾಯಿಲ್ಲೇನು?"

ಅತ್ತಿತ್ತ ನೋಡಿ ಸೆರಗನ್ನು ಒಂದು ಬೆರಳಷ್ಟು ಸರಿಸಿದಳು. ಲಿಂಗ ಕಟ್ಟಿದ ಶಿವದಾರ ಒಂದೇ ಇತ್ತು.

"ಅವರು ನನ್ನ ತಂಗಿ ಸುಂದರಾನ ಗಂಡ, ಜಗದೇವಪ್ಪ. ಆಕೀ ಲಗ್ನ ಮೊದಲ ಆತು. ಅಕ್ಕಗ ಏನಾಗ್ಯಾದ ಅಂತ ಊರೆಲ್ಲ ಕೇಳ್ತು. ಅಪ್ಪ ಬಾಯಿ ಬಿಡಲಿಲ್ಲ."

ಅವನು ಮುರಿದ ರೊಟ್ಟಿಯನ್ನು ಎಲೆಯಲ್ಲೇ ಇಟ್ಟ. "ಕಾಗದ ಯಾಕ ಬರೀಲಿಲ್ಲ?"

"ನಿನ್ನ ಕಡೀ ಕಾಗದದಾಗ ಏನಿತ್ತು?"

'ನನ್ನ ಸಲುವಾಗಿ ಕಾಯಬೇಡ' ಎಂದಿತ್ತು. ಅವಳು 'ಕಾಯುತ್ತೇನೆ' ಎಂದು ಬರೆಯಲಿ ಎಂದೇ ಹಾಗೆ ಬರೆದಿದ್ದ. ಉತ್ತರ ಬಾರದಿದ್ದಾಗ ತಿಂಗಳಿಗೊಬ್ಬ ಗಂಡನನ್ನು ಅವಳಿಗೆ ಮನಸ್ಸಿನಲ್ಲೇ ಕಟ್ಟಿದ್ದ.

"ನನ್ನ ಪರೀಕ್ಷಾ ಮಾಡಿದಿ ನೀ. ಪರೀಕ್ಷಾ ಬರ್ಯಾಕ ನಾ ಇನ್ನೂ ಸಾಲಿ ಹುಡಿಗೇನು?" ಅವಳ ದನಿ ತಗ್ಗಿತು. "ಈಗ ನನ್ನ ಪಾಳಿ. ಎಷ್ಟ ದಿನದ ರಜಾ?"

"ರಜಾ ಅಲ್ಲ. ಕೆಲಸ ಬಿಟ್ಟೇನಿ. ಗುಲ್ಬರ್ಗಾದಾಗ ಸರ್ವೇ ಕೆಲಸ ಸಿಕ್ಕದ. ನಿನ್ನ ಕೇಳಾಕಂತನ ಬಂದೇನಿ."

"ನಂಬಂಗಿಲ್ಲ."

ಅವಳ ಕಣ್ಣು ಅವನ ಮುಖದ ಮೇಲೆ ನಿಧಾನ ಓಡಾಡಿತು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ.

"ಮತ್ತ ಏನ್ ಮಾಡ್ಲಿ?"

"ನನಗ ಹೇಳಿದ್ದು ಸಾಕು. ಅಪ್ಪನ ಮುಂದ ಹೇಳು. ಗಟ್ಟಿಯಾಗಿ ಹೇಳು, ಅವರ ಕಿವಿ ಮಂದ ಆಗ್ಯಾವ."

ದೌಲತರಾಯರು ಗಿಡದ ಆ ಬದಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಂಬಾರಾಯ ಹೋಗಿ ಮುಂದೆ ಕೂತ, ಮೆಲ್ಲಗೆ ಹೇಳಿದ.

"ಏನಂದಿ?"

ದನಿ ಸ್ವಲ್ಪ ಏರಿಸಿ ಹೇಳಿದ.

"ಏನಪಾ? ಕೇಳವಲ್ದು."

ಅವನು ಎದ್ದು ನಿಂತ. ಜನ್ಮದಲ್ಲಿ ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ಗೌರಾನ್ನ ನನಗ ಕೊಡ್ರಿ. ಇನ್ನ ಬಿಟ್ಟ ಹೋಗಂಗಿಲ್ಲ."

ಜೋಳದ ಆಚೆ ಊಟಕ್ಕೆ ಕೂತವರೆಲ್ಲ ಎದ್ದು ನೋಡಿದರು. ಪಕ್ಕದ ಹೊಲದಿಂದ ಯಾರೋ ಸೀಟಿ ಹೊಡೆದರು.

ದೌಲತರಾಯರು ಮೀಸೆ ಒರೆಸಿಕೊಂಡರು. "ಆಕಿ ಹೇಳಿದ್ದೂ ಕೇಳಿತ್ತು, ನೀ ಮೊದಲನೇ ಸಲ ಹೇಳಿದ್ದೂ ಕೇಳಿತ್ತು. ನನ್ನ ಕಿವಿಗೇನಾಗ್ಯಾದ? ಮೂರ ಹೊಲದ ಮಂದಿ ಕೇಳ್ಲಿ ಅಂತ ಸುಮ್ಮಿದ್ದೆ. ಇನ್ನ ಹ್ಯಾಂಗ್ ಓಡ್ತಿ, ಓಡು ನೋಡೋಣು."

ಅವನು ತಿರುಗಿ ನೋಡಿದ. ಗೌರಾ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಸಂಶಯಪಟ್ಟವನು, ಅಪ್ಪನ ಕಿವಿಯ ಬಗ್ಗೆ ಅವಳು ಹೇಳಿದ ಆ ಒಂದು ಸುಳ್ಳನ್ನು ಮಾತ್ರ ಹಿಂದುಮುಂದು ನೋಡದೆ ನಂಬಿದ್ದ.