ಮೊದಲ ಹಿಮದ ಮಸಿ

ಈ ಸಲ ಎವಜ್ ಗೆಲ್ಲಬಾರದು. ಅಷ್ಟೇ.

ಕಿಟಕಿಗೆ ಹೊಡೆದಿದ್ದ ಪ್ಲಾಸ್ಟಿಕ್ ಹಾಳೆಯಾಚೆ ಬೆಳ್ಳಗೆ ಕಂಡದ್ದೇ ತಡ, ಶಾಪರಿ ಹೊದಿಕೆ ಒದ್ದು ಎದ್ದಳು. ಬಾಮಿಯಾನದ ಮೇಲಿನ ಆ ಪುಟ್ಟ ಊರಿಗೆ ಕೋಹ್-ಎ-ಬಾಬಾ ಬೆಟ್ಟವೇ ನಡೆದು ಬಂದು ಕೂತಂತೆ ಹಿಮ ಬಿದ್ದಿತ್ತು. ಗೋಡೆ, ಆಲೂಗಡ್ಡೆ ಹೂಳಿಟ್ಟ ಗುಂಡಿ, ಕತ್ತೆಯ ಬೆನ್ನು, ಎಲ್ಲಕ್ಕೂ ಒಂದೇ ಬಣ್ಣ. ವರ್ಷದ ಮೊದಲ ಹಿಮ.

ಮೊದಲ ಹಿಮ ಅಂದರೆ ಇಲ್ಲಿ ಬರ್ಫಿ. ತಿನ್ನುವ ಬರ್ಫಿಯಲ್ಲ, ತಿನ್ನಿಸುವ ಬರ್ಫಿ. ‘ಹಿಮ ನಮ್ಮದು, ಊಟ ನಿಮ್ಮದು’ ಎಂದು ಚೀಟಿ ಬರೆದು, ಏನಾದರೂ ಕಿತಾಪತಿ ಮಾಡಿ ಇನ್ನೊಂದು ಮನೆಯವರ ಕೈಗೆ ದಾಟಿಸಬೇಕು. ಗೊತ್ತಿಲ್ಲದೆ ಕೈಯೊಡ್ಡಿದವರು ಊಟ ಹಾಕಿಸಬೇಕು. ಚೀಟಿ ತಂದವನು ಕೊಡುವ ಮುಂಚೆಯೇ ಸಿಕ್ಕಿಬಿದ್ದನೋ, ಅವನ ಮುಖಕ್ಕೆ ಒಲೆಯ ಮಸಿ, ಊಟ ಹಾಕಿಸುವುದೂ ಅವನೇ.

ಎವಜ್ ತಗಡಿನ ಒಲೆ ಮಾಡುವವನು. ಆಚೆ ವರ್ಷ ಚೀಟಿಯನ್ನು ಒಲೆಯ ಕೊಳವೆಯೊಳಗೆ ತುರುಕಿ ತಂದಿದ್ದ. ಹೋದ ವರ್ಷ ಮಡಚಿದ ಬಿಸಿ ನಾನ್ ರೊಟ್ಟಿಯೊಳಗೆ. ಎರಡು ಸಲವೂ ಶಾಪರಿ ದಿನವಿಡೀ ಕೂತು, ಹಿಟ್ಟಿನ ಹಾಳೆಗೆ ಸೊಪ್ಪು ತುಂಬಿ ಆಶಕ್ ಮಡಚಿದ್ದಳು. ಬಡಿಸುವಾಗ ಅವನು ತಟ್ಟೆ ನೋಡದೆ ಅವಳನ್ನೇ ನೋಡುತ್ತಾ, "ಉಪ್ಪು ಕಮ್ಮಿ" ಅಂದಿದ್ದ. ಇನ್ನೂ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ!

ಅದನ್ನು ಕಂಡವಳು ಅವನ ಅಜ್ಜಿ ಹಲೀಮಾ. "ಬರೋ ವರ್ಷ ಆಲೂಗಡ್ಡೆ ಕಿತ್ತು ಮುಗೀಲಿ, ಹೆಣ್ಣು ಕೇಳೋಕೆ ಬರ್ತೀನಿ. ಉಪ್ಪು ನಾನೇ ತರ್ತೀನಿ" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದಳು.

ಆಲೂಗಡ್ಡೆ ಕಿತ್ತು ಮುಗಿದಿತ್ತು.

ಶಾಪರಿಗೆ ಹೆಸರಿನಲ್ಲಿ ಒಂದೇ ಪರಿ, ಗಂಟಲಿನಲ್ಲಿ ಪರಿಪರಿ. ಕಾಬೂಲ್ ಬಸ್ಸಿನ ಕಂಡಕ್ಟರ್, ಔಷಧಿ ಅಂಗಡಿಯವನ ಕೆಮ್ಮು, ಹಲೀಮಾಜ್ಜಿಯ ಒಡಕು ದನಿ, ಯಾರನ್ನು ಬೇಕಾದರೂ ಮಾಡಿ ತೋರಿಸುವಳು. ಅಜ್ಜಿಯ ದನಿಯನ್ನು ಅಜ್ಜಿಯ ಎದುರೇ ಮಾಡಿ ಅಜ್ಜಿಯನ್ನೇ ನಗಿಸಿದವಳು.

ಬಾಗಿಲ ಸಂದಿಯಿಂದ ನೋಡಿದಳು. ಎವಜ್ ಬರುತ್ತಿದ್ದ. ಟೋಪಿ ಇಲ್ಲ. ಕಣ್ಣು ಕೆಂಪಗಿತ್ತು, ಗಾಳಿಗಿರಬೇಕು. ಕೈಯಲ್ಲಿ, ಮುಚ್ಚಿಡುವ ಗೋಜೂ ಇಲ್ಲದೆ, ಮಡಚಿದ ಕಾಗದ!

ಶಾಪರಿ ಮೂರು ಬೆರಳನ್ನು ಮಸಿಗೆ ಅದ್ದಿ, ಗಂಟಲು ಒಡಕು ಮಾಡಿಕೊಂಡಳು. "ಎವಜ್ ಜಾನ್, ಟೋಪಿ ಎಲ್ಲೋ? ಕಿವಿ ಉದುರಿ ಹೋದ್ರೆ ಯಾವ ಹುಡುಗಿ ಒಪ್ತಾಳೋ ನಿನ್ನ?"

ಹೊರಗೆ ಹೆಜ್ಜೆ ತಟ್ಟನೆ ನಿಂತಿತು. ಅವಳು ಬಾಗಿಲು ತೆರೆದವಳೇ ಕೆನ್ನೆಯಿಂದ ಗಲ್ಲದವರೆಗೆ ಮೂರು ಗೆರೆ ಎಳೆದಳು.

"ಸಿಕ್ಕಿಬಿದ್ದೆ! ಆಶಕ್ ಗೀಶಕ್ ಬೇಡ, ಕುರಿ ಪಲಾವೇ ಆಗ್ಬೇಕು. ಉಪ್ಪು ಸರಿಯಾಗಿ ಹಾಕ್ಸು!"

ಅವನು ನಗಲಿಲ್ಲ. ಕಾಗದ ಬಿಡಿಸಿದ. ಅದರಲ್ಲಿ ಬರೀ ಅಂಕಿಗಳಿದ್ದವು.

"ಬರ್ಫಿ ಅಲ್ಲ ಶಾಪರಿ. ಕಾಬೂಲ್ ಚಿಕ್ಕಪ್ಪನ ನಂಬರ್. ನಿಮ್ಮ ಮಾಳಿಗೆ ಮೇಲೆ ಸಿಗ್ನಲ್ ಸಿಗತ್ತಲ್ಲ..." ಕಾಗದ ಮತ್ತೆ ಮಡಚಿದ. "ಅಜ್ಜಿ ಹೋಗ್ಬಿಟ್ಲು. ನಮಾಜಿಗೆ ಎಬ್ಬಿಸೋಕೆ ಹೋದೆ. ಏಳ್ಲಿಲ್ಲ."

ಅವನು ಏಣಿ ಹತ್ತಿದ. ಲೈನು ಸರಿಯಿರಲಿಲ್ಲ. "ಅಜ್ಜಿ ತೀರ್ಕೊಂಡ್ಲು" ಎಂಬುದನ್ನು ಮೂರು ಸಲ ಕೂಗಿ ಹೇಳಬೇಕಾಯಿತು. ಕೆಳಗೆ ನಿಂತ ಶಾಪರಿ ಮೂರು ಸಲವೂ ಕೇಳಿದಳು.

ಒಂದು ಒದ್ದೆ ಬಟ್ಟೆ ಕೊಡಬೇಕೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಅವನು ಇಳಿದು ಓಣಿ ತಿರುಗಿಯಾಗಿತ್ತು, ಹಾಗೇ, ಮೂರು ಗೆರೆ ಹೊತ್ತು. ಮಸಿ ಬಿದ್ದದ್ದು ಅವನ ಮುಖಕ್ಕೆ. ಮುಖ ಎತ್ತದಂತಾದದ್ದು ಇವಳಿಗೆ. ಕೈಯನ್ನು ಹಿಮದಲ್ಲಿ ತಿಕ್ಕಿದಳು. ಹಿಮ ಕಪ್ಪಾಯಿತು, ಕೈ ಬೆಳ್ಳಗಾಗಲಿಲ್ಲ.

ಬೆಳಿಗ್ಗೆ ಮಸಿ ಬಳಿದದ್ದನ್ನು ಕಂಡಿದ್ದ ಅಮ್ಮ ಸಂಜೆ ಸಾವಿನ ಮನೆಯಿಂದ ಬಂದು, ಬಾಗಿಲು ಹಾಕಿ ಪಿಸುಗುಟ್ಟಿದಳು. "ನಿನ್ನ ಪುಣ್ಯ. ಮುಖ ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, ಒಲೆ ಕೊಳವೆ ಬಿಚ್ಚುವಾಗ ಆಯ್ತು ಅಂದ್ನಂತೆ. ನೀನು ಬಾಯಿ ಬಿಡ್ಬೇಡ."

"ಅಮ್ಮಾ, ನಾನು ಅಜ್ಜಿ ದನಿಯಲ್ಲಿ—"

"ಬಾಯಿ ಬಿಡ್ಬೇಡ ಅಂದೆ! ಇನ್ನು ಹೆಣ್ಣು ಕೇಳೋಕೆ ಬರೋಳು ಅವನ ಅಕ್ಕ ಗುಲಂದಾಮ್. ತಮ್ಮನ್ನ ಬೆನ್ನಿಗೆ ಕಟ್ಕೊಂಡು ಬೆಳೆಸಿದೋಳು. ಗೊತ್ತಾದ್ರೆ ನಮ್ಮ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ."

ಎರಡು ದಿನ ಶಾಪರಿಯ ಗಂಟಲಿನಿಂದ ಅವಳ ದನಿಯೇ ಹೊರಡಲಿಲ್ಲ, ಇನ್ನು ಬೇರೆಯವರದೆಲ್ಲಿ ಬಂತು? ಅವನು ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಅವನು ಅವಳಿಗಾಗಿ ಸುಳ್ಳು ಹೇಳಿದ್ದ. ಅದೂ ಅಜ್ಜಿಯನ್ನು ಮಣ್ಣು ಮಾಡುವ ದಿನ.

ಮೂರನೆಯ ದಿನ ಹೆಂಗಸರೆಲ್ಲ ಅವನ ಮನೆಯಲ್ಲಿ ಕೂಡಿದರು. ಅಡಿಯಲ್ಲಿ ಕೆಂಡವಿಟ್ಟ ಗಿಡ್ಡ ಮೇಜಿಗೆ ಹೊದಿಸಿದ ದಪ್ಪ ರಜಾಯಿಯೊಳಗೆ ಕಾಲು ತೂರಿಸಿ, ಏಲಕ್ಕಿ ಚಹಾ ಹೀರುತ್ತಾ, ಸತ್ತವಳ ಗುಣ ಹೇಳುತ್ತಾ ಅಳುತ್ತಿದ್ದರು. ಗುಲಂದಾಮ್ ಮಾತ್ರ ಅಳುತ್ತಿರಲಿಲ್ಲ. ಎರಡೇ ದಿನಕ್ಕೆ ಕಣ್ಣು ಬತ್ತಿತ್ತು.

"ಒಂದು ಮಾತು ಕೇಳ್ತೀನಿ," ಎಂದಳು. "ಮೊನ್ನೆ ನನ್ನ ತಮ್ಮನ ಮುಖ ನೋಡಿದ್ರಲ್ಲ ಎಲ್ಲಾ. ಕೊಳವೆ ಅಂತೆ. ಕೆನ್ನೆ ಮೇಲೆ ಮೂರು ಬೆರಳು ಮೂಡಿತ್ತು. ಕೊಳವೆಗೆ ಬೆರಳಿರತ್ತಾ?"

ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು.

"ಸಾವು ಹೊತ್ತು ಬಂದೋನ ಮುಖಕ್ಕೆ ಬಳಿದ ಆ ಕೈ ಯಾವ ಮನೇದು ಅಂತ ಗೊತ್ತಾಗ್ಲಿ. ಆ ಮನೆ ಹೊಸಿಲು ನಾನು ತುಳಿಯಲ್ಲ."

ಶಾಪರಿಯ ಕೈಯಲ್ಲಿ ಚಹಾದ ಕೆಟಲ್ ಇತ್ತು. ಅಮ್ಮ ರಜಾಯಿಯ ಕೆಳಗಿನಿಂದ ಅವಳ ಹಿಮ್ಮಡಿಯನ್ನು ಚಿವುಟಿದಳು. ಬಲವಾಗಿಯೇ ಚಿವುಟಿದಳು.

"ನಂದು ಅಕ್ಕಾ," ಎಂದಳು ಶಾಪರಿ. "ಬರ್ಫಿ ಅಂದ್ಕೊಂಡೆ."

ಅಮ್ಮ ಚಿವುಟಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಷ್ಟೇನಾ?" ಗುಲಂದಾಮ್ ಅವಳನ್ನೇ ನೋಡುತ್ತಿದ್ದಳು. "ಇನ್ನೂ ಏನೋ ಇದೆ ನಿನ್ನ ಮುಖದಲ್ಲಿ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಅರ್ಧ ತಪ್ಪೊಪ್ಪಿಗೆಗೂ ಕ್ಷಮೆ ಸಿಗುವುದುಂಟು.

"ಅಜ್ಜಿ ದನಿಯಲ್ಲಿ ಕರ್ದೆ ಅವನ್ನ. ಬಾಗಿಲ ಹಿಂದಿಂದ. ಟೋಪಿ ಎಲ್ಲಿ ಅಂತ."

ಗುಲಂದಾಮಳ ಬತ್ತಿದ ಕಣ್ಣು ತುಂಬಿಬಂತು. ಅವಳು ಮುಖ ತಿರುಗಿಸಿದಳು. ಶಾಪರಿ ಕೆಟಲ್ ಕೆಳಗಿಟ್ಟು ಅಂಗಳಕ್ಕೆ ಬಂದುಬಿಟ್ಟಳು. ಚಪ್ಪಲಿ ಯಾರದೆಂದೂ ನೋಡಲಿಲ್ಲ. ಎಡಗಾಲಿಗೆ ಒಬ್ಬರದು, ಬಲಗಾಲಿಗೆ ಇನ್ನೊಬ್ಬರದು.

ಸಾವಿನ ಮನೆಯೆಂದು ಹಿಮ ಕಾಯುವುದಿಲ್ಲ. ಮಣ್ಣಿನ ಮಾಳಿಗೆಯ ಮೇಲೆ ಎವಜ್ ಮರದ ಸಲಿಕೆ ಹಿಡಿದು ಹಿಮ ತಳ್ಳುತ್ತಿದ್ದ.

"ಬೆಳಕಿಂಡಿಯಿಂದ ಎಲ್ಲಾ ಕೇಳಿಸ್ತು," ಎಂದ. "ಕಷ್ಟಪಟ್ಟು ಒಂದು ಸುಳ್ಳು ಕಟ್ಟಿದ್ದೆ. ಕೆಡವಿಬಿಟ್ಯಲ್ಲ."

"ಅದೇ ಚುಚ್ತಿತ್ತು. ನಾಲ್ಕು ಬೈಬಾರ್ದಿತ್ತಾ?"

"ಬೈಯೋಕೆ ಬರಲ್ಲ. ಒಲೆ ಮಾಡೋಕೆ ಮಾತ್ರ ಬರೋದು."

ನಗು ಬಂತು. ಬಂದದ್ದಕ್ಕೇ ನಾಚಿಕೆಯಾಗಿ ಅವಳು ತುಟಿ ಕಚ್ಚಿದಳು. "ಎವಜ್, ಆ ದನಿ..."

ಸಲಿಕೆ ನಿಂತಿತು. "ಕೇಳಿದಾಗ ಒಂದು ಉಸಿರಿನಷ್ಟು ಹೊತ್ತು ಅವಳು ಸತ್ತೇ ಇಲ್ಲ ಅನ್ನಿಸ್ತು. ನನಗಿಂತ ಮುಂಚೆ ನಿಮ್ಮನೆಗೆ ಬಂದು ಕೂತಿದ್ದಾಳೆ ಅಂತ. ಆಮೇಲೆ ಬಾಗಿಲು ತೆಗೆದೆ ನೀನು. ಸಿಟ್ಟು ಬಂತು ಶಾಪರಿ. ಬರ್ಲಿಲ್ಲ ಅಂತ ಇನ್ನೊಂದು ಸುಳ್ಳು ಹೇಳಲ್ಲ."

"ಈಗ?"

ಅವನು ಒಂದು ಸಲಿಕೆ ಹಿಮವನ್ನು ಅಂಚಿನಾಚೆ ದೂಡಿದ. "ಫೋನ್ ಮಾಡೋಕೆ ಮಸೀದಿ ಹಿಂದಿನ ದಿಬ್ಬವೇ ನಮ್ಮನೆಗೆ ಹತ್ರ ಇತ್ತು. ಅಜ್ಜಿ ಕೈ ತಣ್ಣಗಿದೆ ಅಂತ ಗೊತ್ತಾದಾಗ ನಾನು ಏನೂ ಯೋಚಿಸ್ಲಿಲ್ಲ. ಕಾಲು ತಾನಾಗೇ ನಿಮ್ಮ ಬಾಗಿಲಿಗೆ ಬಂತು."

ಶಾಪರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಜಗತ್ತೆಲ್ಲ ಬಿಟ್ಟು ತನ್ನ ಬಳಿ ಅಳಲು ಬಂದವನು! ಪ್ರೀತಿಯ ಮಾತು ಕೇಳಿದ ಹುಡುಗಿಗೆ ಕೆನ್ನೆ ಕೆಂಪಾಗಬೇಕು. ಇವಳಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

"ಏ ಹುಡುಗಿ."

ಹಿಂದೆ ಗುಲಂದಾಮ್ ನಿಂತಿದ್ದಳು. ಕೈಯಲ್ಲಿ ಇನ್ನೊಂದು ಸಲಿಕೆ.

"ಕ್ಷಮಿಸಿದೆ ಅಂತ ತಿಳ್ಕೋಬೇಡ. ನಲವತ್ತು ದಿನ ಕಳೀಲಿ, ನಿಮ್ಮನೆಗೆ ಬರ್ತೀನಿ. ಹೆಣ್ಣು ಕೇಳೋಕೋ, ಜಗಳ ಆಡೋಕೋ, ನನಗೇ ಗೊತ್ತಿಲ್ಲ."

"ಆಯ್ತಕ್ಕಾ."

"ಒಳಗೆ ಕೂತಿರೋರಲ್ಲಿ ಒಬ್ರೂ ಅದನ್ನ ಬಾಯಿಬಿಟ್ಟು ಹೇಳ್ತಿರ್ಲಿಲ್ಲ." ಗುಲಂದಾಮ್ ಮೂಗು ಒರೆಸಿಕೊಂಡಳು. "ನಾನಾಗಿದ್ರೆ ನಾನೂ ಹೇಳ್ತಿರ್ಲಿಲ್ಲ. ಹಿಡಿ ಇದನ್ನ. ಅಳೋ ನೆಂಟರು ಬೇಕಾದಷ್ಟಿದ್ದಾರೆ. ಅಡುಗೆಮನೆ ತೊಲೆ ಬಗ್ತಾ ಇದೆ. ಹತ್ತು."

ನೆಂಟರ ಕೈಗೆ ಯಾರೂ ಮಾಳಿಗೆಯ ಸಲಿಕೆ ಕೊಡುವುದಿಲ್ಲ, ಅದು ಮನೆಯವರ ಕೆಲಸ. ಶಾಪರಿಗೆ ಅದು ಅರ್ಥವಾಗಲು ಏಣಿಯ ಮೂರು ಮೆಟ್ಟಿಲು ಬೇಕಾಯಿತು.

ಮೇಲೆ ಎವಜ್ ಕೈ ಚಾಚಲಿಲ್ಲ. ಒಳಗಿದ್ದ ಹೆಂಗಸರು ಹೊರಬಂದಿದ್ದರು, ಅಂಗಳದ ತುಂಬ ಶೋಕದ ಕಣ್ಣುಗಳಿದ್ದವು. ಅವನು ಸುಮ್ಮನೆ ತನ್ನ ಕಡೆ ಬಿಟ್ಟು ಅವಳ ಕಡೆಗೆ ಬಂದು, ಜಾರುವ ಅಂಚಿನಲ್ಲಿದ್ದ ಹಿಮವನ್ನೆಲ್ಲ ಮೊದಲು ತಾನೇ ತಳ್ಳಿ ಮುಗಿಸಿದ. ಆಮೇಲೆ ನಡುವಿನ ಗಟ್ಟಿ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟು, ತನ್ನ ಮೂಲೆಗೆ ಹೋದ.

ಶಾಪರಿ ತಲೆ ಎತ್ತದೆ ಹಿಮ ತಳ್ಳತೊಡಗಿದಳು.