ಎರಡು ಬಕೆಟ್ ಮಳೆ

"ಯಾರ್ರೀ ಅದು ಮೇಲ್ಗಡೆ? ನಿಮ್ಮ ಕಾರಿನ ಕೊಳೆ ನೀರೆಲ್ಲ ನನ್ನ ಕಾರಿನ ತಲೆ ಮೇಲೆ!"

ಕೆಳಗಿನ ಬೇಸ್‌ಮೆಂಟಿನಿಂದ ದಾಪುಗಾಲಿಡುತ್ತಾ ಬಂದವನನ್ನು ಕಂಡು ಮೇಲೆ ಕಾರು ತೊಳೆಯುತ್ತಿದ್ದ ಅವಳ ಕೈಯ ಮಗ್ಗು ಅರ್ಧಕ್ಕೇ ನಿಂತಿತು.

ಮೂರನೇ ಮಹಡಿಗೆ ಹೊಸದಾಗಿ ಬಂದಿದ್ದ ಡ್ರೈವಿಂಗ್ ಸ್ಕೂಲಿನವನು ಅವನು. ಅವನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು. ಹಾಗಾಗಿ ಬಂದ ವಾರದಲ್ಲೇ ಅಪಾರ್ಟ್‌ಮೆಂಟಿನವರ ಬಾಯಲ್ಲಿ ‘ಬ್ರೇಕ್ ಮೇಷ್ಟ್ರು’ ಆಗಿಬಿಟ್ಟಿದ್ದ.

"ಎರಡೇ ಬಕೆಟ್ ಸುರಿಯೋದು. ಪೈಪ್ ಹಾಕಲ್ಲ," ಎಂದಳು ಅವಳು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವವಳು... ಗದರಿದರೆ ಬೆದರುವ ಪೈಕಿಯಲ್ಲ!

"ನಿಮಗೆ ಎರಡು ಬಕೆಟ್. ಒಂಬತ್ತಕ್ಕೆ ಕಲಿಯೋಕೆ ಬರೋರು ನನ್ನ ಕಾರು ನೋಡಿ, ಇವನಿಗೆ ತೊಳೆಯೋಕೇ ಬರಲ್ಲ, ಇನ್ನು ಓಡಿಸೋದೇನು ಹೇಳ್ಕೊಡ್ತಾನೆ ಅಂತಾರೆ!"

ಅಷ್ಟರಲ್ಲಿ ಅವಳ ಕಾರಿನ ಹಿಂದಿನ ಸೀಟಿನಿಂದ ಒಂದು ನರೆತ ತಲೆ ಇಣುಕಿತು.

"ಅಂತೂ ಬಂದೆಯಾ ಡ್ರೈವರ್? ಎಷ್ಟು ಹೊತ್ತು ಕಾಯಿಸೋದಪ್ಪಾ! ಹೊರಗೆ ಮಳೆ ಬೇರೆ..."

ಅವನು ಮಗ್ಗನ್ನು ನೋಡಿದ. ಬಕೆಟ್ ನೋಡಿದ. ಅವಳನ್ನು ನೋಡಿದ. ಸಿಟ್ಟು ಎಲ್ಲಿ ಹೋಯಿತೋ!

"ಅಮ್ಮನಿಗೆ ಮರೆವು..." ಅವಳು ತಲೆ ತಗ್ಗಿಸಿದಳು. "ಅಪ್ಪ ಮಳೆ ಬಂದಾಗಲೆಲ್ಲ ನಮ್ಮನ್ನ ಈ ಕಾರಲ್ಲಿ ಸುತ್ತಾಡಿಸ್ತಿದ್ರು. ಅವರು ಹೋಗಿ ಎರಡು ವರ್ಷ. ಕಾರೂ ಅಲ್ಲಾಡಿಲ್ಲ, ನನಗೆ ಓಡಿಸೋಕೆ ಬರಲ್ಲ. ತೊಳೆಯುವಾಗ ಒಳಗೆ ಕೂರಿಸಿದ್ರೆ..."

ವಾರವೆಲ್ಲ ಅಮ್ಮನಿಗೆ ಅವಳು ‘ಆ ನರ್ಸಮ್ಮ’. ಕಾರಿನ ತಗಡಿನ ಮೇಲೆ ನೀರು ಬೀಳುವ ಭಾನುವಾರದ ಆ ಒಂದು ಗಂಟೆ ಮಾತ್ರ... ಮಗಳು!

ಬ್ರೇಕ್ ಮೇಷ್ಟ್ರು ಬಾಗಿಲು ತೆಗೆದು ಸ್ಟೀರಿಂಗ್ ಮುಂದೆ ಕೂತೇಬಿಟ್ಟ.

"ತಪ್ಪಾಯ್ತಮ್ಮಾ. ಎಲ್ಲಿಗೆ ಹೋಗೋಣ?"

"ನಿಧಾನಕ್ಕೆ ನಡಿ. ನನ್ನ ಮಗಳಿಗೆ ತಿರುವಲ್ಲಿ ತಲೆ ಸುತ್ತುತ್ತೆ."

ಹೊರಗೆ ನಿಂತಿದ್ದ ಮಗಳ ಕಣ್ಣು ತುಂಬಿತು.

ಆಮೇಲಿನ ನಾಲ್ಕು ಭಾನುವಾರವೂ ಅವನು ಬಂದ. ತನ್ನ ಕಾರಿಗೆ ಟಾರ್ಪಾಲು ಹೊದಿಸಿ, ಮೇಲೆ ಬಂದು ಡ್ರೈವರ್ ಆದ. ಅವಳೋ, ಕಾರು ತೊಳೆಯುವುದಕ್ಕೂ ಕನ್ನಡಿ ನೋಡಿಕೊಂಡು ಬರತೊಡಗಿದಳು!

ಐದನೇ ವಾರ ಲಿಫ್ಟಿನ ಪಕ್ಕ ನೋಟಿಸ್ ಬಿತ್ತು. ‘ಮೇಲಿನ ಬೇಸ್‌ಮೆಂಟಿನಲ್ಲಿ ಕಾರು ತೊಳೆಯುವಂತಿಲ್ಲ.’

"ಯಾರು ಹೇಳಿದ್ದು ಇದನ್ನ?" ಅವಳು ವಾಚ್‌ಮನ್‌ನನ್ನು ಕೇಳಿದಳು.

"ಗೊತ್ತಿಲ್ಲಕ್ಕಾ. ಬ್ರೇಕ್ ಮೇಷ್ಟ್ರು ನಿಮ್ಮ ಪಾರ್ಕಿಂಗ್ ಜಾಗದ ಬಗ್ಗೆ ಆಫೀಸಿಗೆ ಏನೋ ಅರ್ಜಿ ಕೊಟ್ರು, ಅಷ್ಟು ನೋಡಿದೆ."

ಸಾಕಲ್ಲ! ಅನುಮಾನದ ಗಿಡಕ್ಕೆ ಗೊಬ್ಬರ ಬೇಕಿಲ್ಲ. ಅವನು ಲಿಫ್ಟಿನಿಂದ ಇಳಿಯುತ್ತಿದ್ದಂತೆ ಅವಳು ಅಡ್ಡ ನಿಂತಳು.

"ಎದುರಿಗೆ ಡ್ರೈವರ್ ವೇಷ, ಹಿಂದಿನಿಂದ ಅರ್ಜಿ... ಚೆನ್ನಾಗಿದೆ ನಿಮ್ಮ ನಾಟಕ!"

"ಸ್ವಲ್ಪ ಕೇಳಿ ಇಲ್ಲಿ—"

"ನಿಮ್ಮ ಕಾರಿಗೆ ಬಿದ್ದಿದ್ದು ನೀರು. ನನಗೆ ಆ ಒಂದು ಗಂಟೇಲಿ ಅಮ್ಮ ಸಿಗ್ತಿದ್ಲು. ಇನ್ಮೇಲೆ ನಮ್ಮ ಕಾರಿನ ಹತ್ತಿರ ಸುಳೀಬೇಡಿ!"

ಅವನು ಮೆಟ್ಟಿಲಿಳಿದು ಹೋದ.

ಶನಿವಾರ ಸಂಜೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಂಕಲ್ ಕುಂಟುತ್ತಾ ಅವಳ ಮನೆಗೆ ಬಂದರು.

"ಇದಕ್ಕೊಂದು ಸಹಿ ಹಾಕಮ್ಮ. ನೀರಲ್ಲಿ ಜಾರಿ ಬಿದ್ದವನು ನಾನು, ನೋಟಿಸ್ ಹಾಕಿದವನೂ ನಾನು. ಆ ಬ್ರೇಕ್ ಮೇಷ್ಟ್ರು ಮಹಾರಾಯ ಮಾತ್ರ ಈ ಅರ್ಜಿ ಹಿಡ್ಕೊಂಡು ದಿನಾ ಬಂದು ನನ್ನ ತಲೆ ತಿನ್ತಾನೆ!"

ಅವಳು ಕಾಗದ ಓದಿದಳು.

‘ನನ್ನ ಜಾಗದಲ್ಲಿ ನೀರು ಹೋಗಲು ಜಾಲರಿ ಇದೆ. ಅವರ ಜಾಗದಲ್ಲಿ ಇಲ್ಲ. ಇಬ್ಬರ ಜಾಗ ಅದಲುಬದಲು ಮಾಡಿದರೆ ಯಾರೂ ಜಾರುವುದಿಲ್ಲ, ತೊಳೆಯುವುದೂ ನಿಲ್ಲುವುದಿಲ್ಲ. ಆ ತಾಯಿಗೆ ಭಾನುವಾರದ ಮಳೆ ತಪ್ಪಬಾರದು.’

ಅಯ್ಯೋ, ಏನು ಮಾಡಿಬಿಟ್ಟೆ ನಾನು!

ಸಹಿ ಹಾಕಿದವಳೇ ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದಳು. ಅವನು ತನ್ನ ಜಾಗದ ಜಾಲರಿಯಲ್ಲಿ ಸಿಕ್ಕಿದ್ದ ಕಸವನ್ನು ಕಡ್ಡಿಯಿಂದ ತೆಗೆಯುತ್ತಿದ್ದ.

"ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ... ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಂಡು ನಾಲ್ಕು ದಿನ ಆಯ್ತು," ಎಂದ ಅವನು, ತಲೆಯೆತ್ತದೆ. "ಇನ್ನೂ ಅರಗಿಲ್ಲ, ಅಷ್ಟೇ."

ಅವಳು ಅಳುತ್ತಳುತ್ತಲೇ ನಕ್ಕಳು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಒಪ್ಪಿಗೆ ಸಿಗದಿದ್ರೆ? ನಿಮಗೆ ಸುಮ್ನೆ ಆಸೆ ತೋರಿಸಬಾರದು ಅಂತ."

ಮರುದಿನ ಬೆಳಿಗ್ಗೆ ಅವನು ಹೊಸ ಬ್ಯಾಟರಿ ಕೂರಿಸಿದ. ಎರಡು ವರ್ಷದಿಂದ ಮಲಗಿದ್ದ ಕಾರು ಕೆಮ್ಮಿ, ಸೀನಿ, ಕೊನೆಗೆ ಎದ್ದಿತು! ಹಿಂದೆ ಅಮ್ಮ, ಮುಂದೆ ಅವನ ಪಕ್ಕ ಅವಳು. ಕೆಳಗಿನ ಬೇಸ್‌ಮೆಂಟಿನ ಇಳಿಜಾರು ಬಂದೊಡನೆ ಅವಳ ಕಾಲು ತಾನಾಗಿ ನೆಲವನ್ನು ಒತ್ತಿತು.

"ಅಲ್ಲಿ ಬ್ರೇಕ್ ಇಲ್ಲ ರೀ. ಅದು ನನ್ನ ಕಾರಲ್ಲಿ."

"ಮತ್ತೆ ಈ ಕಾರಲ್ಲಿ ನಾನೇನು ಮಾಡ್ಲಿ?"

"ನನ್ನನ್ನ ನಂಬಿ."

ಅವಳು ಮೆಲ್ಲನೆ ಕಾಲು ಸಡಿಲಿಸಿದಳು.

ಒಂದೇ ಮಹಡಿಯ ಪ್ರಯಾಣ. "ಎಷ್ಟು ದೂರ ಬಂದ್ವಿ!" ಎಂದು ಅಮ್ಮ ಚಪ್ಪಾಳೆ ತಟ್ಟಿದಳು. ಅಮ್ಮನನ್ನು ಒಳಗೇ ಬಿಟ್ಟು ಇಬ್ಬರೂ ಇಳಿದರು. ಅವಳು ಒಂದು ಮಗ್ಗು ನೀರು ಸುರಿದಳು. ನೀರು ಹರಿದು ಸದ್ದಿಲ್ಲದೆ ಜಾಲರಿಗೆ ಇಳಿಯಿತು.

"ಮುಂದಿನ ಭಾನುವಾರಾನೂ ಬರ್ತೀರಾ?" ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದು.

"ಬರೀ ಭಾನುವಾರ ಸಾಕಾಗಲ್ಲ ನನಗೆ... ದಿನಾ ಇರ್ಲಾ?"

ಮಗ್ಗು ಅವಳ ಕೈಯಲ್ಲೇ ಉಳಿಯಿತು. ಅವನ ಬೆರಳು ಅವಳ ಒದ್ದೆ ಬೆರಳನ್ನು ಮುಟ್ಟಿತು. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

"ಇರಿ," ಎಂದಳು.

ಒಳಗಿನಿಂದ ಯಾರೋ ಗಾಜು ತಟ್ಟಿದರು.

"ಮಗಳೇ, ಮಳೆ ಯಾಕೆ ನಿಂತೋಯ್ತು?"

"ಬಂತಮ್ಮಾ, ಬಂತು!"

ಇಬ್ಬರೂ ಒಟ್ಟಿಗೇ ಬಕೆಟ್ ಎತ್ತಿದರು.